ಅಮ್ಮನಿಗೆ ಚುನ್‌ಹ್ಯಾಂಗ್ ತೋಟ ತೋರಿಸಬೇಕು, ನಮ್ವೊನ್‌ಗೆ ಹೋಗಿಬಂದವರು ತಿಳಿಸಿ

ಕೇಳಿದವರು, ದಕ್ಷಿಣ ಕೊರಿಯಾದ ಸುವಾನ್‌ನಿಂದ

ನಮಸ್ಕಾರ. ಮೇ ತಿಂಗಳಲ್ಲಿ ಶಿವಮೊಗ್ಗದಿಂದ ಅಮ್ಮ ಬರುತ್ತಿದ್ದಾರೆ, ಮೂರು ವಾರ ಇರುತ್ತಾರೆ. ಅಪ್ಪ ತೀರಿಕೊಂಡ ಮೇಲೆ ರಾತ್ರಿ ನಿದ್ದೆ ಹತ್ತದೆ ಮೊಬೈಲಿನಲ್ಲಿ ಕೊರಿಯಾದ ಧಾರಾವಾಹಿ ನೋಡಲು ಶುರು ಮಾಡಿದರು. ಈಗ ರಾಜರ ಕಾಲದ ಕತೆ ಅಂದರೆ ನನಗಿಂತ ಅವರಿಗೇ ಹೆಚ್ಚು ಗೊತ್ತು. ಯಾವ ಟೋಪಿ ಇಟ್ಟವನು ಎಷ್ಟು ದೊಡ್ಡ ಅಧಿಕಾರಿ, ಯಾರು ರಾಣಿ, ಯಾರು ಅರಮನೆಯ ಊಳಿಗದವಳು, ಎಲ್ಲ ಬಾಯಿಪಾಠ. ಅದರಲ್ಲೂ ಚುನ್‌ಹ್ಯಾಂಗ್ ಎನ್ನುವ ಹುಡುಗಿಯ ಕತೆ ಅವರ ಮನಸ್ಸಿನಲ್ಲಿ ಕೂತುಬಿಟ್ಟಿದೆ. "ಆ ಕೊಳ, ಆ ಕಲ್ಲಿನ ಸೇತುವೆ, ಉಯ್ಯಾಲೆ, ಅದೆಲ್ಲ ನಿಜವಾಗಿ ಇದೆಯೇನೇ? ಇದ್ದರೆ ಅದೊಂದು ತೋರಿಸು ಸಾಕು" ಅಂದಿದ್ದಾರೆ.

ವಯಸ್ಸು 63, ಬಲಗಾಲಿನ ಮಂಡಿ ನೋವು, ಮೊಟ್ಟೆಯೂ ತಿನ್ನುವುದಿಲ್ಲ. ಒಂದೇ ದಿನದಲ್ಲಿ ಹೋಗಿ ಬರಬಹುದೇ, ರಾತ್ರಿ ಉಳಿಯಬೇಕೇ? ಊಟಕ್ಕೆ ಏನು ಮಾಡಿದಿರಿ? ಇನ್ನೊಂದು ಮಾತು, ಅಷ್ಟು ದೂರ ಹೋಗಿ ನೋಡುವಂಥದ್ದು ಅಲ್ಲಿ ಇದೆಯೇ, ಇಲ್ಲ ಕ್ಯಾಮೆರಾದಲ್ಲಿ ಮಾತ್ರ ಚೆಂದವೇ? ಅಮ್ಮ ಆಸೆಪಟ್ಟು ಕೇಳಿದ್ದು ಇದೊಂದೇ, ಅದಕ್ಕೇ ಇಷ್ಟು ಕೇಳುತ್ತಿದ್ದೇನೆ.

ಸೋಲ್‌ನಲ್ಲಿ 11 ವರ್ಷದಿಂದ ಇರುವವರು

ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನೋಡುವಂಥದ್ದು ಇದೆ, ಆದರೆ ಪರದೆಯ ಮೇಲೆ ಕಂಡಷ್ಟು ದೊಡ್ಡದಲ್ಲ. ತೋಟದ ಹೆಸರು ಗ್ವಾಂಗ್‌ಹಲ್ಲುವೊನ್. ನಮ್ವೊನ್ ಪೇಟೆಯ ಮಧ್ಯದಲ್ಲೇ ಇದೆ, ಗೋಡೆಯ ಆಚೆಗೆ ಅಂಗಡಿ, ಬಸ್ಸು, ಸಿಗ್ನಲ್ಲು. ಬಿರುಸಾಗಿ ನಡೆದರೆ ಅರ್ಧ ಗಂಟೆಗೆಲ್ಲ ಸುತ್ತು ಮುಗಿದುಹೋಗುತ್ತದೆ. ಮೊದಲ ಸಲ ನಾನು ಹಾಗೇ ಮುಗಿಸಿ, "ಇಷ್ಟೇನಾ" ಅಂದುಕೊಂಡು ವಾಪಸು ಬಂದಿದ್ದೆ. ಎರಡನೆಯ ಸಲ ಆಫೀಸಿನ ಹಿರಿಯರೊಬ್ಬರು ಜೊತೆಗಿದ್ದರು, ಅವರ ಹುಟ್ಟೂರು ಅದೇ ಕಡೆ. ನಾನು ಬೇಗ ಬೇಗ ಫೋಟೊ ತೆಗೆಯುವುದನ್ನು ನೋಡಿ ಅವರು ಹೇಳಿದರು, "ನೀವು ನೆಲ ಅಂದುಕೊಂಡು ನಡೆಯುತ್ತಿದ್ದೀರಿ. ಇದು ಆಕಾಶ."

ಆ ಮಾತಿನ ಅರ್ಥ ಹೀಗೆ. ಹ್ವಾಂಗ್ ಹುಯಿ ಎನ್ನುವ ಮಂತ್ರಿ ಯುವರಾಜನನ್ನು ಪಟ್ಟದಿಂದ ಇಳಿಸಬಾರದು ಎಂದು ಹಟ ಹಿಡಿದು ಗಡೀಪಾರಾಗಿ ನಮ್ವೊನ್‌ಗೆ ಬಂದ. 1419ರಲ್ಲಿ ಇಲ್ಲಿ ಒಂದು ಚಿಕ್ಕ ಮಹಡಿ ಮಂಟಪ ಕಟ್ಟಿಸಿದ. ಮುಂದೆ ಸೇಜೊಂಗ್ ದೊರೆ ಅವನನ್ನೇ ಕರೆಸಿ ಪ್ರಧಾನಮಂತ್ರಿ ಮಾಡಿಕೊಂಡ, ಅದು ಬೇರೆ ಕತೆ. ಕೊರಿಯನ್ ಲಿಪಿ ರೂಪುಗೊಂಡಾಗ ಸೇಜೊಂಗ್ ಜೊತೆಗಿದ್ದ ಪಂಡಿತ ಚೊಂಗ್ ಇನ್‌ಜಿ ಆ ಮಂಟಪವನ್ನು ಕಂಡು, ಇದು ಚಂದ್ರಲೋಕದ ಅರಮನೆಯ ಹಾಗಿದೆ ಎಂದು ಗ್ವಾಂಗ್‌ಹಲ್ಲು ಎಂಬ ಹೆಸರಿಟ್ಟ. ಹೆಸರು ಹಾಗೆ ಬಿದ್ದ ಮೇಲೆ ಬಂದವರೆಲ್ಲ ಆ ಚಂದ್ರಲೋಕಕ್ಕೆ ಬೇಕಾದ ಉಳಿದದ್ದನ್ನು ಕೂಡಿಸುತ್ತ ಹೋದರು. ಪಕ್ಕದ ಯೊಚೊನ್ ಹೊಳೆಯ ನೀರು ತಂದು ಕೊಳ ಮಾಡಿದರು, ಅದು ಆಕಾಶಗಂಗೆ. ಅದಕ್ಕೆ ಅಡ್ಡಲಾಗಿ ಕಲ್ಲಿನ ಸೇತುವೆ ಹಾಕಿದರು, ಅದೇ ಓಜಾಕ್‌ಗ್ಯೊ. ಪ್ರಾಂತಾಧಿಕಾರಿಯಾಗಿ ಬಂದ ಕವಿ ಚೊಂಗ್ ಚೊಲ್ 1582ರಲ್ಲಿ ಕೊಳದೊಳಗೆ ಮೂರು ದ್ವೀಪ ಮಾಡಿಸಿದ, ಪೊಂಗ್ನೆ, ಪಾಂಗ್‌ಜಾಂಗ್, ಯೊಂಗ್‌ಜು, ಸಾವಿಲ್ಲದವರು ವಾಸ ಮಾಡುವ ಮೂರು ಬೆಟ್ಟಗಳು. 1597ರ ಜಪಾನೀ ದಾಳಿಯಲ್ಲಿ ನಮ್ವೊನ್ ಊರೇ ಉರಿದಾಗ ಮಂಟಪವೂ ಸುಟ್ಟುಹೋಯಿತು. ಈಗ ನಿಂತಿರುವುದು 1638ರಲ್ಲಿ ಮತ್ತೆ ಎಬ್ಬಿಸಿದ್ದು.

ಇನ್ನು ಸೇತುವೆಯ ಕತೆ, ಇದನ್ನು ಅಮ್ಮನಿಗೆ ಹೊರಡುವ ಮೊದಲೇ ಹೇಳಿಬಿಡಿ. ದನ ಕಾಯುವ ಹುಡುಗ, ಬಟ್ಟೆ ನೇಯುವ ಹುಡುಗಿ, ಇಬ್ಬರೂ ನಕ್ಷತ್ರಗಳು. ಮದುವೆಯಾದ ಮೇಲೆ ಕೆಲಸ ಮರೆತು ಕೂತರು ಎಂದು ಸ್ವರ್ಗದ ದೊರೆ ಇಬ್ಬರನ್ನೂ ಆಕಾಶಗಂಗೆಯ ಆಚೆ ಈಚೆ ದಡಕ್ಕೆ ಅಟ್ಟಿದ. ವರ್ಷಕ್ಕೊಂದು ರಾತ್ರಿ, ಚಾಂದ್ರಮಾನದ ಏಳನೆಯ ತಿಂಗಳ ಏಳನೆಯ ದಿನ, ಭೂಮಿಯ ಕಾಗೆಗಳು ಮತ್ತು ಮ್ಯಾಗ್‌ಪೈ ಹಕ್ಕಿಗಳು ಮೇಲೆ ಹಾರಿ ಸಾಲಾಗಿ ನಿಂತು ಸೇತುವೆಯಾಗುತ್ತವೆ. ಅವುಗಳ ತಲೆಯ ಮೇಲೆ ಹೆಜ್ಜೆಯಿಟ್ಟು ಇಬ್ಬರೂ ಸೇರುತ್ತಾರೆ. ಆ ಹೊತ್ತಿಗೆ ಹಕ್ಕಿಗಳ ತಲೆಯ ಪುಕ್ಕ ಉದುರಿರುತ್ತದಲ್ಲ, ಅದು ತುಳಿದದ್ದಕ್ಕೆ ಅನ್ನುತ್ತಾರೆ. ಅಂದು ಮಳೆ ಬಂದರೆ ಅವರ ಕಣ್ಣೀರು. ಈ ಎರಡು ನಕ್ಷತ್ರ ನಮಗೆ ಹೊಸಬರೇನೂ ಅಲ್ಲ. ಹುಡುಗಿ ನಮ್ಮ ಅಭಿಜಿತ್, ಹುಡುಗ ನಮ್ಮ ಶ್ರವಣ. ಪಂಚಾಂಗ ನೋಡುವ ಅಮ್ಮನಾದರೆ ಇಷ್ಟು ಹೇಳಿದರೆ ಸಾಕು.

ಆ ಸೇತುವೆ 57 ಮೀಟರ್ ಉದ್ದ, 2.4 ಮೀಟರ್ ಅಗಲ, ಕೆಳಗೆ ನಾಲ್ಕು ಕಮಾನು. ದಂಪತಿಗಳು ವರ್ಷಕ್ಕೊಮ್ಮೆ ಅದನ್ನು ದಾಟಿದರೆ ಸಂಸಾರ ಚೆನ್ನಾಗಿರುತ್ತದೆ ಎಂಬ ನಂಬಿಕೆ ಇದೆ. ಹೋದ ತಕ್ಷಣ ಅದರ ಮೇಲೆ ಹತ್ತಿಬಿಡಬೇಡಿ. ಮೊದಲು ಕೊಳದ ಅಂಚಿನಲ್ಲಿ ನಿಧಾನ ಒಂದು ಸುತ್ತು ಬನ್ನಿ, ದಪ್ಪ ದಪ್ಪ ಮೀನು ಬಾಯಿ ತೆರೆದುಕೊಂಡು ನಿಮ್ಮ ಹಿಂದೆಯೇ ಬರುತ್ತವೆ. ಸೇತುವೆಯನ್ನು ಕತ್ತಲಾಗುವ ಹೊತ್ತಿಗೆ ಉಳಿಸಿಕೊಳ್ಳಿ. ದೀಪ ಹಚ್ಚಿದ ಮೇಲೆ ಕಮಾನಿನ ಅರ್ಧ ವೃತ್ತ ನೀರಿನಲ್ಲಿ ಇನ್ನರ್ಧ ಸೇರಿಸಿಕೊಂಡು ಪೂರ್ತಿ ದುಂಡಗಾಗುತ್ತದೆ. ನಾಲ್ಕು ಚಂದ್ರ ಸಾಲಾಗಿ ನಿಂತ ಹಾಗೆ. ಅದಕ್ಕಾಗಿಯಾದರೂ ಒಂದು ರಾತ್ರಿ ಉಳಿಯಲೇಬೇಕು ಅನ್ನುವುದು ನನ್ನ ಮಾತು.

ಜೊಂಜುನಲ್ಲಿ ಸಂಶೋಧನೆ ಮಾಡುತ್ತಿರುವವರು, ಊರು ಉಡುಪಿ ಹತ್ತಿರ

ರೈಲಿನ ವಿಷಯ ನಾನು ಹೇಳುತ್ತೇನೆ. ಸೋಲ್‌ನ ಯೊಂಗ್‌ಸಾನ್‌ನಿಂದ ನಮ್ವೊನ್‌ಗೆ ಕೆಟಿಎಕ್ಸ್ ಎಂಬ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ. ನೀವು ಸುವಾನ್‌ನವರಾದ್ದರಿಂದ ಯೊಂಗ್‌ಸಾನ್‌ವರೆಗೆ ಹಿಂದಕ್ಕೆ ಹೋಗುವ ಬದಲು ಗ್ವಾಂಗ್‌ಮ್ಯೊಂಗ್‌ನಲ್ಲಿ ಹತ್ತಿ. ಸುವಾನ್‌ನಿಂದಲೇ ಮುಗುಂಗ್ವಾ ಎಂಬ ನಿಧಾನದ ಗಾಡಿ ಇದೆ, ದುಡ್ಡು ಕಡಿಮೆ, ಆದರೆ ಮಂಡಿ ಮಡಚಿ ಅಷ್ಟು ಹೊತ್ತು ಕೂರಿಸಬೇಡಿ. 2023ರ ಸೆಪ್ಟೆಂಬರಿನಿಂದ ಸೋಲ್‌ನ ಸುಸೊ ನಿಲ್ದಾಣದಿಂದಲೂ ಈ ಮಾರ್ಗದಲ್ಲಿ ಎಸ್‌ಆರ್‌ಟಿ ಎಂಬ ವೇಗದ ರೈಲು ಓಡುತ್ತಿದೆ. ಟಿಕೆಟ್ ಒಂದು ತಿಂಗಳು ಮೊದಲೇ ತೆರೆಯುತ್ತದೆ. ಮೇ ತಿಂಗಳಲ್ಲಿ ಮಕ್ಕಳ ದಿನ, ಬುದ್ಧ ಹುಟ್ಟಿದ ದಿನ, ಎಲ್ಲ ಒಟ್ಟಿಗೆ ಬರುವುದರಿಂದ ಶನಿವಾರ ಭಾನುವಾರದ ಸೀಟು ನಿಲ್ಲುವುದಿಲ್ಲ ಮಾರಾಯ್ರೆ, ಈಗಲೇ ನೋಡಿಕೊಳ್ಳಿ.

ನಮ್ವೊನ್ ನಿಲ್ದಾಣ ಊರಿನ ಹೊರಗಿದೆ. ನಡೆಯುವ ಯೋಚನೆ ಬೇಡ, ಹೊರಗೆ ಟ್ಯಾಕ್ಸಿ ನಿಂತಿರುತ್ತವೆ, ಹತ್ತು ನಿಮಿಷ. ಗೂಗಲ್ ಮ್ಯಾಪ್ ಒಂದನ್ನೇ ನಂಬಿ ಹೊರಡಬೇಡಿ. ಅಮ್ಮನ ಫೋನಿಗೂ ನೇವರ್ ಮ್ಯಾಪ್ ಹಾಕಿ, ತೋಟದ ಹೆಸರನ್ನು ಕೊರಿಯನ್ ಅಕ್ಷರದಲ್ಲಿ ಬರೆದು ಒಂದು ಫೋಟೊ ಇಟ್ಟುಕೊಡಿ. ಒಂದು ವೇಳೆ ಎಲ್ಲಾದರೂ ಕೈತಪ್ಪಿದರೆ ಯಾರಿಗೆ ತೋರಿಸಿದರೂ ತಂದು ಬಿಡುತ್ತಾರೆ.

ಒಂದು ದಿನವೋ ಎರಡೋ ಎಂಬ ಮಾತಿಗೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಜೊಂಜುಗೂ ನಮ್ವೊನ್‌ಗೂ ರೈಲಿನಲ್ಲಿ ಅರ್ಧ ಗಂಟೆಯಷ್ಟೇ ದೂರ. ಜೊಂಜುನಲ್ಲಿ ಹೆಂಚಿನ ಮನೆಗಳ ಬೀದಿ ನೋಡಿಕೊಂಡು ಅಲ್ಲೇ ಉಳಿದು, ಮಾರನೆಯ ದಿನ ಮಧ್ಯಾಹ್ನ ನಮ್ವೊನ್‌ಗೆ ಹೋಗಿ ಕತ್ತಲಾದ ಮೇಲೆ ವಾಪಸಾಗಬಹುದು. ಜೊಂಜುನಲ್ಲಿ ಹೋಟೆಲು ಹೆಚ್ಚು, ಊಟಕ್ಕೂ ಸುಲಭ. ಆದರೆ ಕೊನೆಯ ಗಾಡಿ ಎಷ್ಟು ಹೊತ್ತಿಗೆ ಎಂದು ಮೊದಲೇ ನೋಡಿಕೊಳ್ಳದೆ ಸೇತುವೆಯ ಮೇಲೆ ನಿಲ್ಲಬೇಡಿ.

ಇನ್ನೊಂದು, ಮೇ ಅಂದಿರಲ್ಲ. ಚುನ್‌ಹ್ಯಾಂಗ್ ಉತ್ಸವ ಏಪ್ರಿಲ್ ಕೊನೆಯಿಂದ ಮೇ ಮಧ್ಯದೊಳಗೆ ಎಲ್ಲಾದರೂ ಬರುತ್ತದೆ, ದಿನ ವರ್ಷ ವರ್ಷಕ್ಕೆ ಬದಲಾಗುತ್ತದೆ. ಉತ್ಸವದಲ್ಲಿ ಹಾಡು, ಉಯ್ಯಾಲೆ, ಚುನ್‌ಹ್ಯಾಂಗ್‌ಳನ್ನು ಆರಿಸುವ ಸ್ಪರ್ಧೆ, ಎಲ್ಲ ಇರುತ್ತದೆ, ಜನವೂ ಹಾಗೇ ಇರುತ್ತದೆ. ಜಾತ್ರೆ ಇಷ್ಟಪಡುವ ಅಮ್ಮನಾದರೆ ಆಗ ಹೋಗಿ. ಸುಮ್ಮನೆ ಕೂತು ನೋಡುವವರಾದರೆ ಉತ್ಸವ ಮುಗಿದ ಮೇಲಿನ ಒಂದು ಮಂಗಳವಾರವೋ ಬುಧವಾರವೋ ಆರಿಸಿಕೊಳ್ಳಿ.

ಧಾರವಾಡದವರು, ಈಗ ಚೊನಾನ್‌ನಲ್ಲಿ

ನಾ ಹೋದ ವರ್ಷ ಅವ್ವನ್ನ ಕರಕೊಂಡು ಹೋಗಿದ್ದೆ ರೀ, ಆಕೀಗೂ ಮಂಡಿನೋವು. ಹಂಗಾಗಿ ನಿಮ್ಮ ಪ್ರಶ್ನೆ ನೋಡಿದ ಕೂಡ್ಲೆ ಬರೀಲಿಕ್ಕೆ ಕೂತೆ.

ತೋಟದಾಗ ನಡೆಯೋದು ತ್ರಾಸ ಇಲ್ಲ. ನೆಲ ಸಪಾಟ ಅದ, ಕೂಡ್ಲಿಕ್ಕೆ ಅಲ್ಲಲ್ಲೆ ಜಾಗಾ ಅವ. ಸೇತುವೆ ಮ್ಯಾಲಿನ ಕಲ್ಲು ಮಾತ್ರ ಏರುಪೇರು, ಕೈ ಹಿಡಕೊಂಡು ದಾಟಿಸ್ರಿ. ಮಳಿ ಬಿದ್ದಿದ್ರ ಜಾರ್ತದ, ಆವಾಗ ಬ್ಯಾಡ. ದೊಡ್ಡ ಮಂಟಪದ ಮ್ಯಾಲೆ ನಾವು ಹೋದಾಗ ಯಾರನ್ನೂ ಹತ್ತಿಸಲಿಲ್ಲ, ಹಂಗಾಗಿ ಮೆಟ್ಟಲ ಚಿಂತಿನೂ ಇಲ್ಲ. ಹೊಳಿ ದಾಟಿದ್ರ ಆ ಕಡೆ ಗುಡ್ಡದ ಮ್ಯಾಲೆ ಚುನ್‌ಹ್ಯಾಂಗ್ ಹೆಸರಿನ ಇನ್ನೊಂದು ಪಾರ್ಕ್ ಅದ. ಅದು ಏರು. ಅವ್ವನ್ನ ಅಲ್ಲಿಗೆ ಒಯ್ದು ನಾ ತಪ್ಪು ಮಾಡಿದೆ, ರಾತ್ರಿಯೆಲ್ಲಾ ಆಕಿ ಕಾಲು ಒತ್ತಕೋತ ಕೂತಿದ್ಲು. ನೀವು ಅದನ್ನ ಬಿಟ್ಟುಬಿಡ್ರಿ.

ಉಳಕೊಳ್ಳೋ ಜಾಗಾದ ಬಗ್ಗೆ ಒಂದು ಮಾತು. ಹಳೇ ಪದ್ಧತಿ ಹೆಂಚಿನ ಮನಿ ಅಂದ್ರ ಹಾನೊಕ್, ನೋಡ್ಲಿಕ್ಕೆ ಭಾಳ ಚಂದ. ಆದ್ರ ಒಳಗ ಮಂಚ ಇರೂದಿಲ್ಲ, ನೆಲದ ಮ್ಯಾಲೆ ತೆಳ್ಳನ ಹಾಸಿಗಿ. ನಾ ಕೇಳಿದಾಗ ಮಂಚ ಅದ ಅಂದಿದ್ರು, ಹೋಗಿ ನೋಡಿದ್ರ ಇರಲಿಲ್ಲ. ರಾತ್ರಿ ಒಂಬತ್ತಕ್ಕ ಬ್ಯಾರೆ ಖೋಲಿ ಎಲ್ಲಿ ಹುಡುಕ್ಲಿ? ಮಂಡಿ ನೋವಿದ್ದವರಿಗೆ ನೆಲದಿಂದ ಏಳೂದೇ ದೊಡ್ಡ ಕೆಲಸ. ನೀವು ಖೋಲಿ ಫೋಟೊದಾಗ ಮಂಚ ಕಣ್ಣಾರೆ ನೋಡಿ ಬುಕ್ ಮಾಡ್ರಿ. ನೆಲ ಬೆಚ್ಚಗಿರ್ತದ ಅನ್ನೂದು ಖರೆ, ಅವ್ವ ಬೆಳಿಗ್ಗೆ ಎದ್ದು ಆ ಬಿಸಿ ನೆಲದ ಮ್ಯಾಲೆ ಕಾಲು ಚಾಚಿ ಕೂತು, "ಇದೊಂದು ಛಲೋ ಅದ ನೋಡು" ಅಂದ್ಲು.

ಊಟ. ನಮ್ವೊನ್ ಅಂದ್ರ ಇಡೀ ದೇಶಕ್ಕ ಹೆಸರಾಗಿದ್ದು ಚುಒತಾಂಗ್, ಅಂದ್ರ ಕೆಸರಿನಾಗ ಇರೋ ಸಣ್ಣ ಮೀನು ಅರದು ಮಾಡೋ ಸಾರು. ತೋಟದ ಸುತ್ತ ಓಣಿ ತುಂಬ ಅದೇ ಅಂಗಡಿ. ಸಸ್ಯಾಹಾರಿ ಅಂದ್ರ ಹಳೇ ಮಂದಿಗೆ ತಿಳಿಯಂಗಿಲ್ಲ, ಮಾಂಸ ಒಂದು ಬಿಟ್ಟು ಮೀನು ಹಾಕಿ ಕೊಡ್ತಾರ. ಹಂಗಾಗಿ ಒಂದೊಂದೇ ಹೆಸರು ಹೇಳ್ರಿ: ಗೋಗಿ ಮಾಂಸ, ಸೆಂಗ್‌ಸೊನ್ ಮೀನು, ಗ್ಯೆರಾನ್ ಮೊಟ್ಟಿ, ಆಮ್ಯಾಲೆ "ಪ್ಪೆ ಜುಸೆಯೊ", ಅಂದ್ರ ತಗದು ಕೊಡ್ರಿ. ಕೊರಿಯನ್‌ದಾಗ ಬರದ ಚೀಟಿ ತೋರಿಸಿದ್ರ ಇನ್ನೂ ಛಲೋ. ಜಿರಿಸಾನ್ ಗುಡ್ಡದ ಸೊಪ್ಪು ಹಾಕಿದ ಸಾನ್‌ಚೆ ಬಿಬಿಂಬಾಪ್ ಸಿಗ್ತದ, ಅನ್ನದ ಮ್ಯಾಲೆ ಐದಾರು ತರದ ಪಲ್ಯ. ಆದ್ರ ಕೆಂಪು ಖಾರ ಬ್ಯಾರೆ ಬಟ್ಟಲದಾಗ ಕೇಳ್ರಿ, ಕೆಲವು ಕಡೆ ಅದರಾಗ ಮಾಂಸ ಹುರದು ಹಾಕಿರ್ತಾರ. ಕಿಮ್ಚಿಯೊಳಗ ಮೀನಿನ ರಸ, ಸಾರಿನಾಗ ಒಣ ಮೀನು ಇರ್ತದ, ಅವೆರಡೂ ಬ್ಯಾಡ.

ಖರೇ ಹೇಳಬೇಕಂದ್ರ ನಮ್ಮನ್ನ ಕಾಯ್ದದ್ದು ಹೆಟ್‌ಬಾನ್. ಸಣ್ಣ ಡಬ್ಬಿಯೊಳಗ ಬೆಂದ ಅನ್ನ, ಯಾವ ಕನ್ವೀನಿಯನ್ಸ್ ಅಂಗಡಿಯಾಗೂ ಸಿಗ್ತದ, ಅಲ್ಲೇ ಮೈಕ್ರೋವೇವ್‌ದಾಗ ಎರಡು ನಿಮಿಷ ಇಟ್ಟು ಕೊಡ್ತಾರ. ಅವ್ವ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ತಂದಿದ್ಲು. ನಿಮ್ಮಮ್ಮಗ ಪುಳಿಯೋಗರೆ ಗೊಜ್ಜು ತರ್ಲಿಕ್ಕೆ ಹೇಳ್ರಿ. ತೋಟದ ಹೊರಗ ಹೊಳಿ ದಂಡಿಗೆ ಬೆಂಚಿನ ಮ್ಯಾಲೆ ಕೂತು ಕಲಸಿ ಉಂಡ್ವಿ. ದಾರಿಯಾಗ ಹೋಗೋ ಅಜ್ಜಿಯೊಬ್ಬಾಕಿ ನಿಂತು ನೋಡಿ, ಚೀಲದಾಗಿಂದ ಎರಡು ಕಿತ್ತಳಿ ತಗದು ಕೊಟ್ಟು ಹೋದ್ಲು.

ಸಂಗೀತ ಕಲಿಸುವವರು, ಊರು ಮೈಸೂರು, ಮಗಳ ಮನೆ ದೇಜೊನ್‌ನಲ್ಲಿ

ಈ ಕತೆ ಹುಟ್ಟಿದ್ದು ಧಾರಾವಾಹಿಗಲ್ಲ, ಪುಸ್ತಕಕ್ಕೂ ಅಲ್ಲ, ಬಾಯಿಗೆ. ಅದನ್ನು ಹೇಳದಿದ್ದರೆ ನಮ್ವೊನ್ ನೋಡಿದಂತಾಗುವುದಿಲ್ಲ. ಪಾನ್ಸೊರಿ ಎಂದರೆ ಒಬ್ಬರು ನಿಂತು ಬೀಸಣಿಗೆ ಹಿಡಿದು ಹಾಡುತ್ತ, ಮಾತಾಡುತ್ತ, ಅಭಿನಯಿಸುತ್ತ ಇಡೀ ಕತೆ ನಡೆಸುವುದು. ಪಕ್ಕದಲ್ಲಿ ಕೂತು ಡೋಲು ಬಾರಿಸುವವರು ನಡುನಡುವೆ "ಒಲ್‌ಶಿಗು!" "ಚೊತ್ತಾ!" ಎಂದು ಕೂಗಿ ಹುರುಪು ಕೊಡುತ್ತಾರೆ. ಕೇಳುವವರೂ ಕೂಗಬೇಕು, ಸುಮ್ಮನೆ ಕೂತರೆ ಹಾಡುವವರಿಗೆ ಹಿಡಿಸದು. ಹರಿಕಥೆ ಕೇಳಿ ಬೆಳೆದ ನಮಗೆ ಐದು ನಿಮಿಷದಲ್ಲಿ ಒಗ್ಗಿಹೋಗುತ್ತದೆ. ಹಿಂದೆ ಹನ್ನೆರಡು ಕತೆ ಇದ್ದವು, ಈಗ ಉಳಿದದ್ದು ಐದು, ಅದರಲ್ಲಿ ಒಂದು ಚುನ್‌ಹ್ಯಾಂಗ್‌ದು. ಪೂರ್ತಿ ಹಾಡಿದರೆ ಐದಾರು ಗಂಟೆಗೂ ಮೀರುತ್ತದೆ. ನಮ್ವೊನ್‌ನಲ್ಲಿ 1992ರಲ್ಲಿ ಶುರುವಾದ ರಾಷ್ಟ್ರೀಯ ಜಾನಪದ ಸಂಗೀತ ಕೇಂದ್ರವಿದೆ. ನೀವು ಹೋಗುವ ವಾರ ಅಲ್ಲಿ ಕಾರ್ಯಕ್ರಮ ಇದೆಯೇ ನೋಡಿಕೊಳ್ಳಿ. ಭಾಷೆ ಬರುವುದಿಲ್ಲ ಎಂದು ಬಿಡಬೇಡಿ. ಸೆರೆಮನೆಯ ಹಾಡು ಬಂದಾಗ ನನ್ನ ಪಕ್ಕದ ಅಪರಿಚಿತ ಹೆಂಗಸು ಅಳುತ್ತಿದ್ದರು, ನನಗೂ ತಡೆಯಲಾಗಲಿಲ್ಲ.

ಅಮ್ಮ ಯಾವ ಧಾರಾವಾಹಿಯಲ್ಲಿ ನೋಡಿದ್ದಾರೋ, ಒಂದೊಂದರಲ್ಲಿ ಒಂದೊಂದು ಬದಲಾವಣೆ ಇರುತ್ತದೆ, ಇಂದಿನ ಕಾಲಕ್ಕೆ ತಂದು ಶಾಲೆಯ ಮಕ್ಕಳ ಕತೆ ಮಾಡಿದವರೂ ಇದ್ದಾರೆ. ಹಾಡಿನ ಕತೆ ಹೀಗಿದೆ. ಐದನೆಯ ತಿಂಗಳ ಐದನೆಯ ದಿನ, ದಾನೊ ಹಬ್ಬ. ಊರಿನ ಅಧಿಕಾರಿಯ ಮಗ ಮೊಂಗ್ರ್ಯೊಂಗ್ ಗ್ವಾಂಗ್‌ಹಲ್ಲು ಮಂಟಪದಲ್ಲಿ ನಿಂತು ದೂರದಲ್ಲಿ ಉಯ್ಯಾಲೆ ಆಡುವ ಹುಡುಗಿಯನ್ನು ನೋಡುತ್ತಾನೆ. ಅವಳ ತಾಯಿ ವೊಲ್ಮೆ ಹಿಂದೆ ಗಿಸೆಂಗ್ ಆಗಿದ್ದವಳು, ಹಾಡಿ ಕುಣಿದು ಅಧಿಕಾರಿಗಳನ್ನು ರಂಜಿಸುವ ಕುಲದವಳು. ಇಬ್ಬರೂ ಗುಟ್ಟಾಗಿ ಮದುವೆಯಾಗುತ್ತಾರೆ, ಅವನು ತಂದೆಯ ಜೊತೆ ರಾಜಧಾನಿಗೆ ಹೋಗಬೇಕಾಗುತ್ತದೆ. ಹೊಸ ಅಧಿಕಾರಿ ಬ್ಯೊನ್ ಹಾಕ್‌ದೊ ಬಂದವನೇ ಗಿಸೆಂಗ್ ಮಗಳು ತನ್ನ ಸೇವೆಗೆ ಬರಲಿ ಎನ್ನುತ್ತಾನೆ. ಅವಳು ಆಗದು ಎನ್ನುತ್ತಾಳೆ. ಅವನು ಅವಳನ್ನು ಹೊಡೆಸಿ ಸೆರೆಮನೆಗೆ ಹಾಕಿಸುತ್ತಾನೆ. ಪ್ರತಿ ಏಟಿಗೂ ಒಂದೊಂದು ಮಾತಿನ ಉತ್ತರ ಕೊಡುತ್ತಾಳೆ, ಅದನ್ನು ಹಾಡುವಾಗ ಸಭೆ ಉಸಿರು ಬಿಗಿಹಿಡಿದಿರುತ್ತದೆ. ಕೊನೆಗೆ ಮೊಂಗ್ರ್ಯೊಂಗ್ ರಾಜನ ಗುಪ್ತ ತನಿಖಾಧಿಕಾರಿಯಾಗಿ ಹರಕು ಬಟ್ಟೆಯಲ್ಲಿ ಬರುತ್ತಾನೆ, ಬ್ಯೊನ್‌ನ ಹುಟ್ಟುಹಬ್ಬದ ಊಟದಲ್ಲಿ ಕೂತು ಒಂದು ಪದ್ಯ ಬರೆಯುತ್ತಾನೆ. ನಿಮ್ಮ ಬಂಗಾರದ ಬಟ್ಟಲಿನ ಮದ್ಯ ಸಾವಿರ ಜನರ ರಕ್ತ, ಮೇಣದ ಹನಿ ಬಿದ್ದಾಗ ಬೀಳುವುದು ಜನರ ಕಣ್ಣೀರು ಎಂಬ ಅರ್ಥದ್ದು. ಪ್ರೇಮದ ಕತೆ ಎಂದು ಹೇಳುತ್ತಾರೆ, ನನಗೆ ಅದರ ಜೀವ ಇರುವುದು ಈ ಎರಡು ಕಡೆ, ಅವಳ "ಆಗದು" ಮತ್ತು ಈ ಪದ್ಯ.

ತೋಟದೊಳಗೆ ಅವಳ ಗುಡಿ ಇದೆ, ತಪ್ಪದೆ ನೋಡಿ. 1931ರಲ್ಲಿ ಜಪಾನಿನ ಆಳ್ವಿಕೆಯಲ್ಲಿ ನಮ್ವೊನ್‌ನ ಗಿಸೆಂಗ್ ಹೆಂಗಸರು ಊರವರ ಜೊತೆ ಸೇರಿ ದುಡ್ಡು ಕೂಡಿಸಿ ಕಟ್ಟಿಸಿದ್ದು, ಉತ್ಸವ ಶುರುವಾದದ್ದೂ ಆಗಲೇ. ತಮ್ಮಂಥವಳ ಮಗಳು ಅಧಿಕಾರಿಯ ಮುಂದೆ ತಲೆ ಬಾಗಿಸಲಿಲ್ಲ ಎಂಬ ಕತೆಗೆ ಅವರು ಗುಡಿ ಕಟ್ಟಿದರು ಅನ್ನುವುದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಒಳಗಿನ ಪಟದ ಬಗ್ಗೆ ಊರಲ್ಲಿ ಇನ್ನೂ ಮಾತು ನಿಂತಿಲ್ಲ. ಕಿಮ್ ಉನ್‌ಹೊ ಎಂಬ ಚಿತ್ರಕಾರ ಬರೆದ ಪಟ ಬಹುಕಾಲ ಇತ್ತು. ಆತ ಜಪಾನಿನವರ ಜೊತೆ ಕೈಜೋಡಿಸಿದ್ದವನೆಂದು 2020ರಲ್ಲಿ ಅದನ್ನು ಇಳಿಸಿದರು. 2023ರಲ್ಲಿ ಹೊಸ ಪಟ ಇಟ್ಟರು. ಹದಿನಾರರ ಹುಡುಗಿ ಇದರಲ್ಲಿ ನಡುವಯಸ್ಸಿನವಳಂತೆ ಕಾಣುತ್ತಾಳೆ ಎಂದು ಹಲವರು ತಕರಾರು ಎತ್ತಿದರು. ನಿಮ್ಮಮ್ಮನಿಗೆ ಹೇಗೆ ಕಂಡಳು ಎಂದು ಬಂದು ಬರೆಯಿರಿ.

ಇಂಚೊನ್‌ನಿಂದ ಒಬ್ಬರು

ಬೇರೆ ಅಭಿಪ್ರಾಯ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಮ್ಮನಿಗೆ ಅರಮನೆ, ರಾಣಿ, ಕೊಳದ ಪಕ್ಕದ ನಡಿಗೆ, ಇದೇ ಬೇಕಿದ್ದರೆ ಸೋಲ್‌ನಲ್ಲೇ ಚಾಂಗ್‌ದೊಕ್‌ಗುಂಗ್ ಅರಮನೆಯ ಹಿಂದಿನ ತೋಟ, ಹುವೊನ್, ಇದೆಯಲ್ಲ. 1405ರಲ್ಲಿ ಶುರುವಾದ ಅರಮನೆ, 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಅಲ್ಲಿನ ಪುಯೊಂಗ್‌ಜಿ ಕೊಳ ಚೌಕ, ನಡುವಿನ ದ್ವೀಪ ದುಂಡಗೆ. ಭೂಮಿ ಚೌಕ, ಆಕಾಶ ದುಂಡಗೆ ಎಂಬ ಲೆಕ್ಕ. ದಡದ ಪುಟ್ಟ ಮಂಟಪ ಎರಡು ಕಾಲನ್ನು ನೀರಿಗೆ ಇಳಿಬಿಟ್ಟು ಕೂತ ಹಾಗಿದೆ. ಒಂದು ಸಲಕ್ಕೆ ಇಂತಿಷ್ಟೇ ಜನ ಎಂದು ಪ್ರತ್ಯೇಕ ಟಿಕೆಟ್, ಮೊದಲೇ ಬುಕ್ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಏರು ಇಳಿತ ಹೆಚ್ಚು, ಗುಂಪಿನ ಜೊತೆ ಹೆಜ್ಜೆ ಹಾಕಬೇಕು, ಮಂಡಿಗೆ ಕಷ್ಟವೇ.

ಚುನ್‌ಹ್ಯಾಂಗ್‌ಳೇ ಬೇಕು ಅಂದರೆ ನಮ್ವೊನ್‌ಗೆ ಬದಲಿ ಇಲ್ಲ, ಅದು ಒಪ್ಪುತ್ತೇನೆ.

ಸೋಲ್‌ನಲ್ಲಿ 11 ವರ್ಷದಿಂದ ಇರುವವರು

ಒಂದು ಮರೆತಿದ್ದೆ, ದಯವಿಟ್ಟು ಇದನ್ನು ಬಿಡಬೇಡಿ. ಮಂಟಪದ ಹಿಂಬದಿಗೆ ಹೋಗಿ. ಮಹಡಿಗೆ ಹತ್ತುವ ಮೆಟ್ಟಿಲಿಗೆ ಚಾವಣಿ ಹಾಕಿದ ಭಾಗವಿದೆ, ಅದು ಆಮೇಲೆ ಸೇರಿಸಿದ್ದು. 19ನೆಯ ಶತಮಾನದ ಕೊನೆಗೆ ಮಂಟಪ ಉತ್ತರಕ್ಕೆ ವಾಲತೊಡಗಿತಂತೆ, ಊರುಗೋಲಿನ ಹಾಗೆ ಇದನ್ನು ಕಟ್ಟಿ ನಿಲ್ಲಿಸಿದರು. ಅದರ ಸೂರಿನ ಕೆಳಗೆ ಕತ್ತೆತ್ತಿ ಹುಡುಕಿ. ಆಮೆಯ ಬೆನ್ನ ಮೇಲೆ ಕೂತ ಒಂದು ಮೊಲ, ಮರದಲ್ಲಿ ಕೆತ್ತಿದ್ದು.

ಸಮುದ್ರದ ನಾಗರಾಜನಿಗೆ ಕಾಯಿಲೆ, ಮೊಲದ ಯಕೃತ್ತೇ ಔಷಧಿ. ಆಮೆ ಹೋಗಿ ಮೊಲಕ್ಕೆ ಆಸೆ ತೋರಿಸಿ ಬೆನ್ನ ಮೇಲೆ ಕೂರಿಸಿಕೊಂಡು ಬರುತ್ತದೆ. ವಿಷಯ ತಿಳಿದ ಮೊಲ, "ಅಯ್ಯೋ, ಅದನ್ನು ಮನೆಯಲ್ಲೇ ಒಣಗಲು ಹಾಕಿ ಬಂದಿದ್ದೇನಲ್ಲ" ಎನ್ನುತ್ತದೆ. ಮುಂದಿನದು ನಿಮಗೆ ಗೊತ್ತು. ನಮ್ಮ ಪಂಚತಂತ್ರದ ಕೋತಿ ಮತ್ತು ಮೊಸಳೆ! ಜಾತಕ ಕತೆಗಳಲ್ಲೂ ಇದೆ, ಬೌದ್ಧರ ಜೊತೆ ಚೀನಾ ದಾಟಿ ಇಲ್ಲಿಗೆ ಬಂದದ್ದು. 1145ರಲ್ಲಿ ಬರೆದ ಕೊರಿಯಾದ ಇತಿಹಾಸದಲ್ಲೇ ಇದು ಬರುತ್ತದೆ, ಶತ್ರುಗಳ ಸೆರೆಯಲ್ಲಿದ್ದ ಶಿಲ್ಲಾ ರಾಜ್ಯದ ರಾಜಕುಮಾರನಿಗೆ ಒಬ್ಬ ಅಧಿಕಾರಿ ಈ ಕತೆ ಹೇಳಿ ತಪ್ಪಿಸಿಕೊಳ್ಳುವ ದಾರಿ ತೋರಿಸಿದ ಎಂದು. ನನಗೆ ಇದು ತಿಳಿದದ್ದು ತಡವಾಗಿ. ಎರಡು ಸಲ ಅದರ ಕೆಳಗೇ ನಡೆದು ಹೋಗಿದ್ದೆ.

ಕೇಳಿದವರು, ಮೇ ಕೊನೆಯಲ್ಲಿ

ಹೋಗಿ ಬಂದೆವು. ಇಷ್ಟು ಜನ ಬಿಡುವು ಮಾಡಿಕೊಂಡು ಬರೆದದ್ದಕ್ಕೆ ಮುಂದೆ ಹೋಗುವವರಿಗೂ ಉಪಯೋಗವಾಗಲಿ ಎಂದು ನಡೆದದ್ದನ್ನು ಬರೆಯುತ್ತೇನೆ.

ಉತ್ಸವ ಮುಗಿದ ಮೇಲೆ ಒಂದು ಮಂಗಳವಾರ ಹೋದೆವು, ಒಂದು ರಾತ್ರಿ ಉಳಿದೆವು. ಫೋಟೊದಲ್ಲಿ ಮಂಚ ನೋಡಿಯೇ ಬುಕ್ ಮಾಡಿದೆ. ಮಧ್ಯಾಹ್ನ ಬಿಸಿಲಿಗೆ ವೊಲ್ಮೆ ಮನೆ ಎಂದು ಕಟ್ಟಿಟ್ಟ ಕಡೆ ಜಗುಲಿಯ ಮೇಲೆ ಕೂತೆವು. ಕತೆಯ ಗೊಂಬೆಗಳನ್ನು ನೋಡಿ ಅಮ್ಮ ಒಬ್ಬೊಬ್ಬರನ್ನೂ ಹೆಸರು ಹಿಡಿದು ಗುರುತಿಸಿದರು, ಫಲಕದಲ್ಲಿನ ಹೆಸರು ಓದುವ ಮೊದಲೇ. ಗುಡಿಯ ಪಟದ ಮುಂದೆ ಬಹಳ ಹೊತ್ತು ನಿಂತರು. ಸಂಗೀತ ಕಲಿಸುವ ಮೇಡಂ ಕೇಳಿದ್ದರಲ್ಲ, ಅಮ್ಮ ಅಂದದ್ದು ಇಷ್ಟು: "ಅಷ್ಟು ಏಟು ತಿಂದು ಸೆರೆಮನೆಯಲ್ಲಿ ಇದ್ದವಳು, ಮುಖ ಹೀಗಾಗದೆ ಇರುತ್ತದಾ?"

ಮೊಲವನ್ನು ಹುಡುಕಲು ಹತ್ತು ನಿಮಿಷ ಬೇಕಾಯಿತು. ಕಸ ಗುಡಿಸುತ್ತಿದ್ದ ಒಬ್ಬರು ನಾವು ಮೇಲೆ ನೋಡುತ್ತ ತಿರುಗುವುದನ್ನು ಕಂಡು ಪೊರಕೆಯ ಹಿಡಿಯಿಂದ ತೋರಿಸಿದರು. ಚಿಕ್ಕದು, ಬಣ್ಣ ಬಳಿದದ್ದು, ಸೂರಿನ ನೆರಳಿನಲ್ಲಿ ಇದೆ. ಕತೆ ಹೇಳಿದೆ. ಅಮ್ಮ ಕತ್ತೆತ್ತಿಕೊಂಡೇ ಇದ್ದು, "ನಮ್ಮಲ್ಲಿ ಹೃದಯ, ಇವರಲ್ಲಿ ಯಕೃತ್ತು. ನಮ್ಮಲ್ಲಿ ಅತ್ತಿ ಮರ, ಇವರಲ್ಲಿ ಮನೆ. ಉಳಿದದ್ದು ಅದೇ" ಅಂದರು. ಚಿಕ್ಕವಳಿದ್ದಾಗ ನನಗೆ ಊಟ ಮಾಡಿಸುವಾಗ ಹೇಳುತ್ತಿದ್ದದ್ದು ಅದೇ ಕತೆ, ನೇರಳೆ ಮರ ಎಂದು ನನ್ನ ನೆನಪು. ಅದಕ್ಕೆ ಅಲ್ಲೇ ಸ್ವಲ್ಪ ವಾದವೂ ಆಯಿತು.

ಸೇತುವೆಗೆ ಕತ್ತಲಾದ ಮೇಲೆ ಹೋದೆವು. ನಾವು ಹೋದಾಗ ಸಂಜೆಯ ಮೇಲೆ ಟಿಕೆಟ್ ಕೇಳಲಿಲ್ಲ, ಊರಿನವರು ವಾಯುವಿಹಾರಕ್ಕೆ ಬಂದಿದ್ದರು. ಅಮ್ಮ ನನ್ನ ತೋಳು ಹಿಡಿದು ಒಂದೊಂದೇ ಹೆಜ್ಜೆ ಇಟ್ಟರು. ನಡುವೆ ಒಂದು ಕಡೆ ನಿಂತು, ದಂಪತಿಗಳು ದಾಟಬೇಕು ಅಂದಿದ್ದೆಯಲ್ಲ, ಎಂದರು. ನಾನು ಏನು ಹೇಳಬೇಕೋ ತೋಚದೆ ಸುಮ್ಮನಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅವರೇ, "ಶ್ರವಣ ಯಾವುದು ತೋರಿಸು" ಅಂದರು. ಊರ ದೀಪದ ಬೆಳಕಿಗೆ ನಕ್ಷತ್ರ ಅಷ್ಟಾಗಿ ಕಾಣಲಿಲ್ಲ, ಶ್ರವಣ ಆ ಹೊತ್ತಿಗೆ ಇನ್ನೂ ಹುಟ್ಟಿರಲಿಲ್ಲ. ಪೂರ್ವದ ಕಡೆ ಕೈ ತೋರಿಸಿ, ತಡವಾಗಿ ಬರುತ್ತದೆ ಅಮ್ಮ, ಎಂದೆ. ನೀರಿನ ಕಡೆ ನೋಡುತ್ತ ಅಲ್ಲೇ ಇನ್ನೂ ಸ್ವಲ್ಪ ಹೊತ್ತು ನಿಂತೆವು.

ಪಾನ್ಸೊರಿ ಸಿಗಲಿಲ್ಲ, ಆ ವಾರ ನಾವು ಇದ್ದ ದಿನ ಕಾರ್ಯಕ್ರಮ ಇರಲಿಲ್ಲ. ನೀವು ಹೋಗುವುದಾದರೆ ಅದನ್ನು ನೋಡಿಕೊಂಡು ದಿನ ಆರಿಸಿ, ನಾನು ರೈಲು ನೋಡಿ ಆರಿಸಿದ್ದು ತಪ್ಪಾಯಿತು. ಹೆಟ್‌ಬಾನ್ ನಾಲ್ಕು ಬೇಕಾದವು, ಗೊಜ್ಜು ಸಾಕಾಯಿತು.

ಸುವಾನ್‌ಗೆ ಮರಳಿದ ರಾತ್ರಿ ಅಮ್ಮ ಸಾಗರದ ಚಿಕ್ಕಮ್ಮನಿಗೆ ಫೋನ್ ಮಾಡಿದರು. ಇಲ್ಲಿ 11 ಗಂಟೆ, ಅಲ್ಲಿ ಏಳೂವರೆ. ನಾನು ಪಾತ್ರೆ ತೊಳೆದು, ಬಟ್ಟೆ ಮಡಚಿ, ಮಾರನೆಯ ದಿನದ ತರಕಾರಿ ಹೆಚ್ಚಿಟ್ಟು ಬಂದರೂ ಮಾತು ನಡೆದೇ ಇತ್ತು. ಮೊಂಗ್ರ್ಯೊಂಗ್ ಇನ್ನೂ ಮಂಟಪದಲ್ಲೇ ನಿಂತಿದ್ದ, ಹುಡುಗಿ ಇನ್ನೂ ಉಯ್ಯಾಲೆಯಿಂದ ಇಳಿದಿರಲಿಲ್ಲ.